ಇಂಟರ್ನ್‌ಶಿಪ್ ಒಪ್ಪಿಕೊಳ್ಳುವ ಮೊದಲು: ಅಂತರರಾಷ್ಟ್ರೀಯ ಶಿಕ್ಷಣ ಅಭಿವೃದ್ಧಿ ಓದುತ್ತಿರುವವರಿಗೆ ಒಂದು ಉತ್ತರ

ಪ್ರಶ್ನೆ: ಕೆಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಮೇಲೆ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ಶಿಕ್ಷಣ ಅಭಿವೃದ್ಧಿ ವಿಷಯದ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸೇರಿದ್ದೇನೆ. ಮೊದಲ ಸೆಮಿಸ್ಟರ್ ಮುಗಿಯುತ್ತ ಬಂದರೂ ಇಲ್ಲಿ ಓದುತ್ತಿರುವುದಕ್ಕೂ ನಾನು ಕಂಡ ತರಗತಿಗೂ ಏನು ಸಂಬಂಧವೆಂದು ತಿಳಿಯುತ್ತಿಲ್ಲ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಎರಡು ಅವಕಾಶಗಳು ಕಾಣುತ್ತಿವೆ. ಒಂದು, ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದರ ಯುರೋಪಿನ ಕಚೇರಿಯಲ್ಲಿ ವೇತನವಿಲ್ಲದ ಕೆಲಸ. ಇನ್ನೊಂದು, ಪೂರ್ವ ಆಫ್ರಿಕಾದಲ್ಲಿ ಮಕ್ಕಳ ಓದುವ ಕೌಶಲದ ಕಾರ್ಯಕ್ರಮ ನಡೆಸುವ ಸಣ್ಣ ಸಂಸ್ಥೆಯೊಂದರಲ್ಲಿ ಖರ್ಚಿಗೆ ಸಾಲುವಷ್ಟು ಭತ್ಯೆ ಇರುವ ಕೆಲಸ. ಯಾವುದನ್ನು ಆರಿಸಲಿ? ಅಮೆರಿಕದ ನೆರವೇ ನಿಂತುಹೋಗಿರುವಾಗ ಈ ಓದಿನಿಂದ ಮುಂದೆ ಕೆಲಸ ಸಿಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಕೊನೆಗೇ ಇಟ್ಟುಕೊಂಡು, ಇಂಟರ್ನ್‌ಶಿಪ್ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಮಕ್ಕಳ ಕಲಿಕೆಯ ಕುರಿತ ಒಂದು ಅಂಕಿ ಯಾವುದೋ ಶಾಲೆಯ ಜಗಲಿಯಲ್ಲಿ ಹುಟ್ಟುತ್ತದೆ; ಅದೇ ಅಂಕಿ ಹಲವು ಕೈ ದಾಟಿ ಸಚಿವಾಲಯದ ಅಥವಾ ದಾನಿ ಸಂಸ್ಥೆಯ ಸಭೆಗೆ ಬಂದಾಗ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುತ್ತದೆ. ಒಂದು ತುದಿಯನ್ನಷ್ಟೇ ಕಂಡವರು ಇಲ್ಲಿ ಬೇಕಾದಷ್ಟಿದ್ದಾರೆ, ಎರಡನ್ನೂ ಕಂಡವರು ಕಡಿಮೆ. ಶಿಕ್ಷಕರಾಗಿದ್ದ ನಿಮಗೆ ಶಾಲೆಯ ತುದಿ ಗೊತ್ತಿದೆ. ಆದ್ದರಿಂದ ಅಂಕಿ ಹೇಗೆ ಸಿದ್ಧವಾಗುತ್ತದೆ, ಯಾರು ಅದನ್ನು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದನ್ನು ತೋರಿಸುವ ಕೆಲಸ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ. ಅದು ಯುರೋಪಿನ ಕಚೇರಿಯಲ್ಲೇ ಸಿಗುತ್ತದೆಂಬ ಖಾತ್ರಿಯಿಲ್ಲ. ಸಣ್ಣ ಸಂಸ್ಥೆಯಲ್ಲಿ ಸಿಗಲಾರದು ಎಂದೂ ಇಲ್ಲ. ಸಾಲ ಮಾಡಿ ವೇತನವಿಲ್ಲದ ಇಂಟರ್ನ್‌ಶಿಪ್‌ಗೆ ಹೋಗುವುದನ್ನು ಮಾತ್ರ ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಈಗ ಓದಿನ ವಿಷಯಕ್ಕೆ ಬರೋಣ. ಶಿಕ್ಷಕ ವೃತ್ತಿಯಿಂದ ಬಂದ ಬಹುತೇಕ ವಿದ್ಯಾರ್ಥಿಗಳಿಗೆ ಮೊದಲ ಸೆಮಿಸ್ಟರ್ ಗಲಿಬಿಲಿಯಲ್ಲೇ ಕಳೆಯುತ್ತದೆ. ಪಠ್ಯಪಟ್ಟಿಯಲ್ಲಿ ಸರ್ಕಾರಗಳಿರುತ್ತವೆ, ಒಪ್ಪಂದಗಳಿರುತ್ತವೆ, ಸೂಚ್ಯಂಕಗಳಿರುತ್ತವೆ; ಮಕ್ಕಳು ಮಾತ್ರ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣ ಈ ವಿಷಯ ಬೆಳೆದುಬಂದ ದಾರಿಯಲ್ಲೇ ಇದೆ. 1990ರಲ್ಲಿ ಥಾಯ್ಲೆಂಡಿನ ಜೊಮ್ತಿಯೆನ್‌ನಲ್ಲಿ ನಡೆದ ಸಮ್ಮೇಳನವು ‘ಎಲ್ಲರಿಗೂ ಶಿಕ್ಷಣ’ ಎಂಬ ಗುರಿಯನ್ನು ಜಗತ್ತಿನ ಮುಂದಿಟ್ಟಿತು. 2000ದಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಅದೇ ಗುರಿಗೆ ಆರು ಅಂಶಗಳ ರೂಪ ಮತ್ತು 2015ರ ಗಡುವು ಬಂತು. ಆ ಗಡುವು ಬಂದ ವರ್ಷ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಮತ್ತೆ ಸೇರಿ, ವಿಶ್ವಸಂಸ್ಥೆಯ 2030ರವರೆಗಿನ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದಾಗಿ ಶಿಕ್ಷಣವನ್ನು ನಿಲ್ಲಿಸುವ ದಾರಿ ಮಾಡಿಕೊಳ್ಳಲಾಯಿತು. ಪ್ರತಿ ಸಲವೂ ಗುರಿಯ ಜೊತೆಗೆ ಅದನ್ನು ಅಳೆಯುವ ಸೂಚಕಗಳು ಹುಟ್ಟಿದವು, ಸೂಚಕಗಳ ಜೊತೆಗೆ ಅವನ್ನು ಲೆಕ್ಕಹಾಕುವ ಸಂಸ್ಥೆಗಳು ಬೆಳೆದವು. ಯುನೆಸ್ಕೊದ ಅಂಕಿಅಂಶ ಸಂಸ್ಥೆ ಮಾಂಟ್ರಿಯಲ್‌ನಲ್ಲಿದೆ, ಶಿಕ್ಷಣ ಯೋಜನೆಯನ್ನು ಕಲಿಸಲೆಂದೇ 1963ರಲ್ಲಿ ಹುಟ್ಟಿದ ಅದರ ಇನ್ನೊಂದು ಸಂಸ್ಥೆ ಪ್ಯಾರಿಸ್‌ನಲ್ಲಿದೆ. ನೀವು ಓದುತ್ತಿರುವ ಪದವಿ ಹೆಚ್ಚುಕಡಿಮೆ ಈ ವ್ಯವಸ್ಥೆಯೊಳಗೆ ಕೆಲಸ ಮಾಡಬಲ್ಲವರನ್ನು ತಯಾರು ಮಾಡುವುದಕ್ಕಾಗಿ ಇದೆ, ಮತ್ತು ಒಳ್ಳೆಯ ಅಧ್ಯಾಪಕರಿದ್ದರೆ ಅದೇ ವ್ಯವಸ್ಥೆಯನ್ನು ಪ್ರಶ್ನಿಸುವುದಕ್ಕೂ ಇದೆ.

ಪ್ರಶ್ನಿಸುವ ಭಾಗವನ್ನು ಹಲವರು ತಾತ್ವಿಕ ಪತ್ರಿಕೆಯೆಂದು ಪಾಸಾಗುವಷ್ಟು ಓದಿ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಶಿಕ್ಷಣಕ್ಕೆ ಹಣ ಹಾಕಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರಾದರೂ ಯಾಕೆ ಹಾಕಬೇಕು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಜ್ 1960ರ ಸುಮಾರಿಗೆ ಮುಂದಿಟ್ಟ ಮಾನವ ಬಂಡವಾಳದ ವಾದದ ಪ್ರಕಾರ ಕಲಿಕೆ ಒಂದು ಹೂಡಿಕೆ, ಅದಕ್ಕೆ ಲಾಭ ಬರಬೇಕು. ವಿಶ್ವಸಂಸ್ಥೆಯ ಮೊದಲ ಶಿಕ್ಷಣ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಕತಾರಿನಾ ತೊಮಶೆವ್‌ಸ್ಕಿ ಅವರ ಪ್ರಕಾರ ಅದು ಹಕ್ಕು. ಶಾಲೆ ಇರಬೇಕು, ಮಗುವಿಗೆ ಎಟುಕಬೇಕು, ಒಪ್ಪುವಂತಿರಬೇಕು, ಮಗುವಿಗೆ ತಕ್ಕಂತೆ ಹೊಂದಿಕೊಳ್ಳಬೇಕು, ಲಾಭದ ಪ್ರಶ್ನೆ ಆಮೇಲಿನದು. ಅಮರ್ತ್ಯ ಸೇನ್ ಅವರನ್ನು ಅನುಸರಿಸುವವರು ಕಲಿತ ಮಗು ತನ್ನ ಬದುಕಿನಲ್ಲಿ ಏನೇನು ಆಗಬಲ್ಲದು, ಏನೇನು ಮಾಡಬಲ್ಲದು ಎಂಬುದನ್ನು ಕೇಳುತ್ತಾರೆ. ಇದು ಬರಿಯ ಚರ್ಚೆಯಲ್ಲ. ಮೊದಲನೆಯ ವಾದವನ್ನು ಹಿಡಿದ ಕಚೇರಿಯಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಹಣ ಕೇಳುವ ಟಿಪ್ಪಣಿ ಬರೆಯುವುದಕ್ಕೂ ಎರಡನೆಯದನ್ನು ಹಿಡಿದ ಕಚೇರಿಯಲ್ಲಿ ಅದನ್ನೇ ಬರೆಯುವುದಕ್ಕೂ ವ್ಯತ್ಯಾಸ ಎಷ್ಟಿದೆ ಎಂಬುದು ಬೇಸಿಗೆಯಲ್ಲಿ ನಿಮ್ಮ ಮೊದಲ ಕರಡಿಗೆ ಕೆಂಪು ಗುರುತು ಬಿದ್ದಾಗ ಗೊತ್ತಾಗುತ್ತದೆ.

ನಿಮ್ಮ ತರಗತಿಯ ಅನುಭವ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಕೆನ್ಯಾದ ಪಠ್ಯಪುಸ್ತಕ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಬಹುಶಃ ಅದು ನಿಮ್ಮ ಪಠ್ಯಪಟ್ಟಿಯಲ್ಲೂ ಇರುತ್ತದೆ. ಪಾಲ್ ಗ್ಲೆವ್, ಮೈಕೆಲ್ ಕ್ರೆಮರ್ ಮತ್ತು ಸಿಲ್ವಿ ಮೂಲ್ಯಾಂ ಪಶ್ಚಿಮ ಕೆನ್ಯಾದ ಗ್ರಾಮೀಣ ಶಾಲೆಗಳಲ್ಲಿ ಯಾದೃಚ್ಛಿಕ ಆಯ್ಕೆಯ ಪ್ರಯೋಗ ನಡೆಸಿ, ಕೆಲವು ಶಾಲೆಗಳಿಗೆ ಸರ್ಕಾರಿ ಪಠ್ಯಪುಸ್ತಕಗಳನ್ನು ಕೊಟ್ಟು ಫಲಿತಾಂಶ ನೋಡಿದರು. 2009ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಮಕ್ಕಳ ಸರಾಸರಿ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ; ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪುಸ್ತಕದಿಂದ ಪ್ರಯೋಜನವಾಯಿತು. ಕಾರಣ ಸರಳವಾಗಿತ್ತು: ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿನ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ, ಹಾಗಾಗಿ ಬಹಳಷ್ಟು ಮಕ್ಕಳಿಗೆ ಅವನ್ನು ಓದಲಿಕ್ಕೇ ಬರುತ್ತಿರಲಿಲ್ಲ. ತರಗತಿಯಲ್ಲಿ ನಿಂತು ಪಾಠ ಮಾಡಿದ ಯಾರಿಗೂ ಇದು ಆಶ್ಚರ್ಯದ ಸಂಗತಿಯಲ್ಲ. ಆದರೆ ‘ನಮಗಿದು ಮೊದಲೇ ಗೊತ್ತಿತ್ತು’ ಎಂದು ಸೆಮಿನಾರಿನಲ್ಲಿ ಹೇಳಿದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು, ಹಿಂದುಳಿದ ಮಗು ಅರ್ಥವಾಗದ ಪುಸ್ತಕವನ್ನು ಮುಂದಿಟ್ಟುಕೊಂಡು ಆ ನಲವತ್ತು ನಿಮಿಷ ಏನು ಮಾಡುತ್ತದೆ, ಅದನ್ನು ಯಾವ ಸಮೀಕ್ಷೆಯ ಯಾವ ಪ್ರಶ್ನೆ ಹಿಡಿಯಬಲ್ಲದು ಎಂದು ಕೇಳಿ. ಶಿಕ್ಷಕರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ನಿಮ್ಮ ಅನುಭವ ಒಂದು ಊರಿನ ಒಂದು ಬಗೆಯ ಶಾಲೆಯದು ಎಂಬುದನ್ನು ನೆನಪಿಟ್ಟುಕೊಂಡು ಅದನ್ನು ಪ್ರಶ್ನೆಯಾಗಿ ತಂದರೆ ಗೌರವ ಸಿಗುತ್ತದೆ; ತೀರ್ಪಾಗಿ ತಂದರೆ ಸಹಪಾಠಿಗಳು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಸಹಪಾಠಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಪದವಿಗಳಲ್ಲಿ ಸಾಮಾನ್ಯವಾಗಿ ಒಬ್ಬಿಬ್ಬರಾದರೂ ಬೇರೆ ಬೇರೆ ದೇಶಗಳ ಶಿಕ್ಷಣ ಸಚಿವಾಲಯಗಳಿಂದ ರಜೆಯ ಮೇಲೆ ಬಂದ ಅಧಿಕಾರಿಗಳಿರುತ್ತಾರೆ. ಅವರು ತರಗತಿಯಲ್ಲಿ ಕಡಿಮೆ ಮಾತಾಡುತ್ತಾರೆ, ಇಂಗ್ಲಿಷ್ ಸರಾಗವಾಗಿರುವವರು ಚರ್ಚೆಯನ್ನು ಎಳೆದುಕೊಂಡು ಹೋಗುತ್ತಾರೆ. ದಾನಿ ಸಂಸ್ಥೆಯ ತಂಡ ಬಂದಾಗ ಸಭೆಯಲ್ಲಿ ನಿಜವಾಗಿ ಏನಾಗುತ್ತದೆ, ಯಾವ ಮಾತಿಗೆ ಸಚಿವರು ಒಪ್ಪುತ್ತಾರೆ, ಒಪ್ಪಿದ್ದು ಜಿಲ್ಲೆಗೆ ತಲುಪುವಷ್ಟರಲ್ಲಿ ಏನಾಗಿರುತ್ತದೆ ಎಂಬುದು ಆ ಅಧಿಕಾರಿಗಳಿಗೆ ಗೊತ್ತಿರುವಷ್ಟು ಪುಸ್ತಕಗಳಲ್ಲಿ ಇರುವುದಿಲ್ಲ. ಗುಂಪು ಯೋಜನೆಗೆ ಜೊತೆಗಾರರನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಅವರ ಜೊತೆಗೆ ಸೇರಿಕೊಳ್ಳಿ.

ಇನ್ನು ಉಳಿದ ಸೆಮಿಸ್ಟರ್‌ಗಳಲ್ಲಿ ಏನನ್ನು ಕಲಿತರೆ ಇಂಟರ್ನ್‌ಶಿಪ್ ಫಲ ಕೊಡುತ್ತದೆ ಎಂದರೆ, ನನ್ನ ಮಟ್ಟಿಗೆ ಮೊದಲ ಸ್ಥಾನ ಅಂಕಿಅಂಶದ್ದು. ಸ್ಟೇಟಾ ಅಥವಾ ಆರ್, ಯಾವುದಾದರೂ ಒಂದು ತಂತ್ರಾಂಶದಲ್ಲಿ ದತ್ತಾಂಶವನ್ನು ಶುದ್ಧಗೊಳಿಸಿ ಒಂದು ಕೋಷ್ಟಕ ಮಾಡುವಷ್ಟು ಕೈ ಪಳಗಬೇಕು. ಎರಡನೆಯದು ಸರ್ಕಾರ ಅಥವಾ ದಾನಿ ಏನು ಮಾಡಬೇಕೆಂದು ಸೂಚಿಸುವ ಎರಡು ಪುಟದ ನೀತಿ ಟಿಪ್ಪಣಿ ಬರೆಯುವುದು. ಇಪ್ಪತ್ತು ಪುಟದ ಪ್ರಬಂಧಕ್ಕಿಂತ ಇದು ಕಷ್ಟ, ಮತ್ತು ಕಚೇರಿಗಳಲ್ಲಿ ಇದನ್ನೇ ಕೇಳುತ್ತಾರೆ. ಮೂರನೆಯದು ಇನ್ನೊಂದು ಭಾಷೆ. ಯುನೆಸ್ಕೊ ಕಚೇರಿಯ ಕೆಲಸದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಪಶ್ಚಿಮ ಆಫ್ರಿಕಾದ ಹಲವು ದೇಶಗಳಲ್ಲಿ ಫ್ರೆಂಚ್ ಇಲ್ಲದೆ ಸಚಿವಾಲಯದ ಕಡತವನ್ನೇ ತೆರೆಯಲಾಗದು.

ಅಂಕಿಅಂಶ ಎಂದ ಕೂಡಲೆ ಹೆದರಬೇಕಾಗಿಲ್ಲ. ಇಲ್ಲಿ ಎಡವುವುದು ಕಠಿಣ ಸೂತ್ರಗಳಲ್ಲಿ ಅಲ್ಲ, ತೀರಾ ಸರಳ ಸಂಗತಿಗಳಲ್ಲಿ. ಒಟ್ಟು ದಾಖಲಾತಿ ಅನುಪಾತವನ್ನೇ ತೆಗೆದುಕೊಳ್ಳಿ. ಯಾವುದೋ ದೇಶದಲ್ಲಿ ಪ್ರಾಥಮಿಕ ಹಂತಕ್ಕೆ ಅದು ಶೇ 112 ಎಂದು ಬರೆದಿದ್ದರೆ ಹೊಸಬರು ಅಚ್ಚಿನ ದೋಷವೆಂದುಕೊಳ್ಳುತ್ತಾರೆ. ಅಂಶದಲ್ಲಿ ಎಲ್ಲ ವಯಸ್ಸಿನ ದಾಖಲಾದ ಮಕ್ಕಳಿದ್ದಾರೆ, ಛೇದದಲ್ಲಿ ಆ ಹಂತಕ್ಕೆ ನಿಗದಿಯಾದ ವಯಸ್ಸಿನ ಮಕ್ಕಳು ಮಾತ್ರ ಇದ್ದಾರೆ. ತಡವಾಗಿ ಸೇರಿದವರು, ಅದೇ ತರಗತಿಯಲ್ಲಿ ಮತ್ತೆ ಕೂತವರು ಹೆಚ್ಚಿದ್ದಷ್ಟೂ ಅನುಪಾತ ನೂರನ್ನು ದಾಟುತ್ತದೆ. ಛೇದಕ್ಕೆ ಬಳಸಿದ ಜನಸಂಖ್ಯೆ ಹಳೆಯ ಜನಗಣತಿಯಿಂದ ಅಂದಾಜಿಸಿದ್ದಾದರೆ ಇನ್ನೂ ಏರುಪೇರು. ಅಂದರೆ ಹೊರಗಿನಿಂದ ಸಂಭ್ರಮದ ಸುದ್ದಿಯಂತೆ ಕಾಣುವ ಸಂಖ್ಯೆಯ ಒಳಗೆ ಮಕ್ಕಳು ವರ್ಷಗಟ್ಟಲೆ ಒಂದೇ ತರಗತಿಯಲ್ಲಿ ಉಳಿದಿರುವ ಸಂಕಟ ಅಡಗಿರಬಹುದು.

ಇಂಥದ್ದೇ ಇನ್ನೊಂದು ಸಂಗತಿ. ನಾನು ಕೆಲಸ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ದೇಶದ ಶಾಲಾ ಗಣತಿಯ ಕಡತವನ್ನು ಒಪ್ಪ ಮಾಡಲು ಕೊಡಲಾಗಿತ್ತು. ಇಂಟರ್ನ್‌ಗಳಿಗೆ ಸಾಮಾನ್ಯವಾಗಿ ಸಿಗುವ, ಯಾರಿಗೂ ಬೇಡವಾದ ಕೆಲಸ. ಒಂದು ಜಿಲ್ಲೆಯಲ್ಲಿ ಒಂದೇ ವರ್ಷದಲ್ಲಿ ದಾಖಲಾತಿ ತೀವ್ರವಾಗಿ ಕುಸಿದಿತ್ತು, ಕರಡು ವರದಿಯಲ್ಲಿ ಅದಕ್ಕೆ ಬರ ಮತ್ತು ವಲಸೆಯ ಕಾರಣ ಕೊಟ್ಟು ಒಂದು ಪ್ಯಾರಾ ಬರೆದೂ ಆಗಿತ್ತು. ಆಕೆ ಶಾಲೆವಾರು ಸಾಲುಗಳನ್ನು ಕೆಳಗಿಳಿದು ನೋಡಿದಾಗ ಹಲವು ಶಾಲೆಗಳ ಎದುರು ಎಲ್ಲ ತರಗತಿಗಳಿಗೂ ಸೊನ್ನೆ ಇತ್ತು. ಒಂದು ತರಗತಿ ಖಾಲಿಯಾಗಬಹುದು, ಇಡೀ ಶಾಲೆ, ಅದೂ ಶಿಕ್ಷಕರ ಕಾಲಮ್ಮಿನಲ್ಲೂ ಸೊನ್ನೆ, ಹೇಗೆ? ಆ ಶಾಲೆಗಳ ನಮೂನೆಗಳು ಬಂದೇ ಇರಲಿಲ್ಲ. ಖಾಲಿ ಬಿಡಬೇಕಾದಲ್ಲಿ ಯಾರೋ ಸೊನ್ನೆ ತುಂಬಿದ್ದರು. ಪ್ಯಾರಾ ಹೋಯಿತು. ಆ ಬೇಸಿಗೆಯ ಕೊನೆಗೆ ಆಕೆಗೆ ಸಿಕ್ಕ ಶಿಫಾರಸು ಪತ್ರದಲ್ಲಿ ಸಂಸ್ಥೆಯ ಹೆಸರಿಗಿಂತ ಹೆಚ್ಚು ತೂಕವಿದ್ದದ್ದು ಈ ಘಟನೆಯನ್ನು ವಿವರಿಸಿದ ಮೂರು ಸಾಲುಗಳಿಗೆ.

ಈಗ ನಿಮ್ಮ ಎರಡು ಅವಕಾಶಗಳನ್ನು ಎದುರುಬದುರು ಇಟ್ಟು ನೋಡೋಣ. ಕೇಂದ್ರ ಕಚೇರಿಯ ಇಂಟರ್ನ್‌ಶಿಪ್ ಹೊರಗಿನಿಂದ ಕಂಡಷ್ಟು ಉಜ್ವಲವಾಗಿರುವುದಿಲ್ಲ. ಮೊದಲ ವಾರಗಳು ಗುರುತಿನ ಚೀಟಿ, ಇಮೇಲ್ ಖಾತೆ, ಕಡತಗಳ ಅನುಮತಿಗಾಗಿ ಕಾಯುವುದರಲ್ಲಿ ಕಳೆಯುತ್ತವೆ. ಆಮೇಲೆ ಹಿಂದಿನ ವರದಿಗಳ ಪರಾಮರ್ಶೆ, ಸಭೆಯ ಟಿಪ್ಪಣಿ, ವಿಚಾರಗೋಷ್ಠಿಯ ಆಹ್ವಾನ ಪಟ್ಟಿ, ಯಾರದೋ ಭಾಷಣಕ್ಕೆ ಅಂಕಿ ಹುಡುಕುವುದು. ಯುರೋಪಿನ ಕಚೇರಿಗಳಲ್ಲಿ ಬೇಸಿಗೆಯೆಂದರೆ ಹಿರಿಯರು ದೀರ್ಘ ರಜೆಗೆ ಹೋಗುವ ಕಾಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟಿದ್ದರೂ ಅಲ್ಲಿ ಕಲಿಯುವುದಕ್ಕಿದೆ: ಒಂದು ವಾಕ್ಯ ಅಂತಿಮ ವರದಿಗೆ ಸೇರುವ ಮೊದಲು ಎಷ್ಟು ಸದಸ್ಯ ರಾಷ್ಟ್ರಗಳ ಆಕ್ಷೇಪವನ್ನು ದಾಟಬೇಕು, ಯಾವ ಸಂಖ್ಯೆಯನ್ನು ಯಾವ ದೇಶ ಒಪ್ಪುವುದಿಲ್ಲ, ‘ಲಭ್ಯವಿಲ್ಲ’ ಎಂಬ ಗುರುತಿನ ಹಿಂದೆ ಎಷ್ಟು ಪತ್ರವ್ಯವಹಾರ ಇರುತ್ತದೆ. ಇದನ್ನು ಬೇರೆಲ್ಲೂ ಕಾಣಲಾಗದು.

ಹಣದ ಮಾತು. ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ವೇತನ ಕೊಡುವುದಿಲ್ಲ. ಪ್ರಯಾಣ, ವಸತಿ, ವೀಸಾ, ಆರೋಗ್ಯ ವಿಮೆ ಎಲ್ಲವೂ ವಿದ್ಯಾರ್ಥಿಯದೇ. 2015ರಲ್ಲಿ ಜಿನೀವಾದಲ್ಲಿ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ ಯುವಕನೊಬ್ಬ ಡೇರೆಯಲ್ಲಿ ಉಳಿದುಕೊಂಡ ಸುದ್ದಿ ದೊಡ್ಡ ಚರ್ಚೆ ಎಬ್ಬಿಸಿತ್ತು, ಆದರೂ ಸಚಿವಾಲಯದ ನಿಯಮ ಬದಲಾಗಲಿಲ್ಲ. ಎಲ್ಲ ಅಂಗಸಂಸ್ಥೆಗಳೂ ಹೀಗಿಲ್ಲ: ಯುನಿಸೆಫ್ ಭತ್ಯೆ ಕೊಡುವ ಪದ್ಧತಿಗೆ ಬಂದಿದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೊಡುತ್ತದೆ, ವಿಶ್ವಬ್ಯಾಂಕ್ ಗಂಟೆಯ ಲೆಕ್ಕದಲ್ಲಿ ಸಂಬಳವನ್ನೇ ಕೊಡುತ್ತದೆ. ಬಡ ದೇಶಗಳ ಮಕ್ಕಳಿಗೆ ಸಮಾನ ಅವಕಾಶ ಬೇಕೆಂದು ವರದಿ ಬರೆಯುವ ಕಚೇರಿಯೊಳಗೆ ಹೋಗಲು ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯವಾಗುವಂಥ ಬಾಗಿಲನ್ನು ಇಟ್ಟುಕೊಂಡಿರುವುದು ನನ್ನ ದೃಷ್ಟಿಯಲ್ಲಿ ಸಮರ್ಥನೆಗೆ ನಿಲ್ಲುವ ಸಂಗತಿಯಲ್ಲ. ಆದರೆ ನಿಮಗೆ ಬೇಕಾದದ್ದು ನನ್ನ ಅಸಮಾಧಾನವಲ್ಲ, ದಾರಿ. ಹಲವು ವಿಶ್ವವಿದ್ಯಾಲಯಗಳಲ್ಲಿ ವೇತನವಿಲ್ಲದ ಬೇಸಿಗೆ ಇಂಟರ್ನ್‌ಶಿಪ್‌ಗೆಂದೇ ಅನುದಾನವಿರುತ್ತದೆ, ಅದರ ಅರ್ಜಿಯ ಗಡುವು ಇಂಟರ್ನ್‌ಶಿಪ್ ಖಚಿತವಾಗುವ ಮೊದಲೇ ಮುಗಿದುಹೋಗುತ್ತದೆ. ಆದ್ದರಿಂದ ಎರಡಕ್ಕೂ ಏಕಕಾಲದಲ್ಲಿ ಅರ್ಜಿ ಹಾಕಿ. ಅನುದಾನ ಸಿಗದಿದ್ದರೆ ಆ ಕಚೇರಿಯನ್ನು ಬಿಟ್ಟುಬಿಡಿ. ವಿಶ್ವಸಂಸ್ಥೆಯ ಇಂಟರ್ನ್‌ಶಿಪ್ ಮುಂದಿನ ನೌಕರಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಪೂರ್ವ ಆಫ್ರಿಕಾದ ಕೆಲಸದಲ್ಲಿ ನೀವು ಕಾಣಬಹುದಾದದ್ದು ಅಂಕಿ ಹುಟ್ಟುವ ಗಳಿಗೆ. ಓದುವ ಕೌಶಲದ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಬಳಸುವುದು ‘ಎಗ್ರಾ’ ಎಂಬ ಆರಂಭಿಕ ತರಗತಿಗಳ ಓದಿನ ಪರೀಕ್ಷೆ. ಆರ್‌ಟಿಐ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2006ರ ಸುಮಾರಿಗೆ ಇದನ್ನು ರೂಪಿಸಿತು, ಆಮೇಲೆ ಅದು ಹತ್ತಾರು ದೇಶಗಳಿಗೆ ಹರಡಿತು. ಸಮೀಕ್ಷಕರು ಮಗುವನ್ನು ಒಬ್ಬೊಬ್ಬರಾಗಿ ಕರೆದು, ಪರೀಕ್ಷೆಯಲ್ಲಿ ಪಾಲ್ಗೊಳ್ಳಲು ಇಷ್ಟವಿದೆಯೇ ಎಂದು ಕೇಳಿ, ಒಪ್ಪಿದರೆ ಅಕ್ಷರಗಳ ಹಾಳೆಯನ್ನು ಮುಂದಿಡುತ್ತಾರೆ. ಸಾಲಿಗೆ ಹತ್ತರಂತೆ ನೂರು ಅಕ್ಷರ, ಅರವತ್ತು ಸೆಕೆಂಡ್. ಮಗು ಬೆರಳಿಟ್ಟು ಓದುತ್ತ ಹೋದಂತೆ ತಪ್ಪಿದ ಅಕ್ಷರಗಳ ಮೇಲೆ ಗೀಟು ಬೀಳುತ್ತದೆ. ಒಂದು ಅಕ್ಷರದ ಮುಂದೆ ಮೂರು ಸೆಕೆಂಡ್ ನಿಂತರೆ ಮುಂದಿನದನ್ನು ತೋರಿಸಬೇಕು. ಮೊದಲ ಸಾಲಿನ ಹತ್ತರಲ್ಲಿ ಒಂದೂ ಸರಿಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಬೇಸರವಾಗದಂತೆ ಧನ್ಯವಾದ ಹೇಳಿ ಮುಂದಿನ ಭಾಗಕ್ಕೆ ಹೋಗಬೇಕು. ಹಾಗೆ ನಿಂತ ಮಗು ವರದಿಯಲ್ಲಿ ‘ಶೂನ್ಯ ಅಂಕ’ದ ಶೇಕಡಾವಾರಿಗೆ ಸೇರುತ್ತದೆ. ಎದುರು ಕೂತು ನೋಡಿದವರಿಗೆ ಆ ಸೊನ್ನೆಗಳಲ್ಲಿ ಬಗೆಗಳಿರುವುದು ತಿಳಿಯುತ್ತದೆ: ಅಕ್ಷರವೇ ಗೊತ್ತಿಲ್ಲದ ಮಗು, ಅಕ್ಷರದ ಧ್ವನಿಯನ್ನು ಕೇಳಿದರೆ ಅದರ ಹೆಸರು ಹೇಳುವ ಮಗು, ಅಪರಿಚಿತರ ಮುಂದೆ ಬಾಯಿ ಬಿಡದ ಮಗು, ಮನೆಯಲ್ಲಿ ಬೇರೆಯೇ ಭಾಷೆ ಆಡುವ ಮಗು.

ಕನ್ನಡ ಓದಲು ಕಲಿತು, ಕಲಿಸಿದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ಕಡೆಗಣಿಸಬೇಡಿ. ನಿಮಿಷಕ್ಕೆ ಎಷ್ಟು ಅಕ್ಷರ, ಎಷ್ಟು ಪದ ಎಂಬ ಅಳತೆ ಬೆಳೆದದ್ದು ಇಪ್ಪತ್ತಾರರ ಆಸುಪಾಸಿನ ಅಕ್ಷರಗಳುಳ್ಳ ಲಿಪಿಗಳ ಸುತ್ತ. ಕಾಗುಣಿತ, ಒತ್ತಕ್ಷರಗಳಿರುವ ಲಿಪಿಯಲ್ಲಿ ಮಗು ಗುರುತಿಸಬೇಕಾದ ರೂಪಗಳು ನೂರಾರು, ಪ್ರತ್ಯಯಗಳು ಸೇರಿ ಪದಗಳು ಉದ್ದ. ಹಾಗಾಗಿ ಒಂದು ಭಾಷೆಯ ವೇಗವನ್ನು ಇನ್ನೊಂದರ ವೇಗದ ಪಕ್ಕದಲ್ಲಿಟ್ಟು ಹಿಂದುಳಿದ ದೇಶ, ಮುಂದಿರುವ ದೇಶ ಎಂದು ಹೇಳುವಂತಿಲ್ಲ. ಪರೀಕ್ಷೆಯನ್ನು ರೂಪಿಸಿದವರೂ ಈ ಹೋಲಿಕೆಯ ಬಗ್ಗೆ ಎಚ್ಚರಿಸುತ್ತಾರೆ, ಆದರೂ ವರದಿಗಳಲ್ಲಿ ಅದು ನುಸುಳುತ್ತಲೇ ಇರುತ್ತದೆ. ಮಾತೃಭಾಷೆಯಲ್ಲಿ ಆರಂಭಿಕ ಶಿಕ್ಷಣ ಬೇಕೆಂದು ಯುನೆಸ್ಕೊ 1953ರಲ್ಲೇ ಹೇಳಿತ್ತು. ಅದನ್ನು ಬೇರೆ ಬೇರೆ ಲಿಪಿಗಳಲ್ಲಿ ಹೇಗೆ ಅಳೆಯಬೇಕೆಂಬ ಕೆಲಸ ಇನ್ನೂ ಸಾಕಷ್ಟು ಬಾಕಿಯಿದೆ. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇಲ್ಲಿ ನೋಡಬಹುದು.

ಹಾಗಾದರೆ ಯಾವುದು? ಎರಡೂ ಕಡೆಯವರಿಗೆ ಈ ವಾರವೇ ಬರೆದು ಮೂರು ವಿಷಯ ಕೇಳಿ: ನನ್ನ ಕೆಲಸವನ್ನು ದಿನನಿತ್ಯ ಯಾರು ನೋಡುತ್ತಾರೆ ಮತ್ತು ಅವರು ಬೇಸಿಗೆಯಲ್ಲಿ ಕಚೇರಿಯಲ್ಲಿರುತ್ತಾರೆಯೇ, ನಾನು ಸಿದ್ಧಪಡಿಸುವುದು ಯಾವ ದಾಖಲೆಗೆ ಸೇರುತ್ತದೆ, ಹಿಂದಿನ ಇಂಟರ್ನ್ ಏನು ಮಾಡಿ ಮುಗಿಸಿದರು. ‘ಬಂದ ಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ಕಚೇರಿ ಎಷ್ಟೇ ದೊಡ್ಡದಾಗಿದ್ದರೂ ನಿಮಗೆ ಅಲ್ಲಿ ಸಿಗುವುದು ಹೆಸರು ಮಾತ್ರ. ಸಣ್ಣ ಸಂಸ್ಥೆಯವರು ನಿಮ್ಮನ್ನು ‘ಶಿಕ್ಷಕರಲ್ಲವೇ, ತರಗತಿ ತೆಗೆದುಕೊಳ್ಳಿ’ ಎಂದರೆ ಅದನ್ನು ನಯವಾಗಿ ಬೇಡವೆನ್ನಿ. ಎರಡು ತಿಂಗಳಿಗೆ ಬಂದು, ಮಕ್ಕಳ ಭಾಷೆ ಬಾರದೆ ಪಾಠ ಮಾಡಿ ಹೋಗುವ ಅತಿಥಿಯಿಂದ ಅಲ್ಲಿನ ಶಿಕ್ಷಕರಿಗೆ ತೊಂದರೆಯೇ ಹೆಚ್ಚು, ನಿಮಗಂತೂ ಹೊಸದೇನೂ ಸಿಗದು. ಅದರ ಬದಲು ಸಮೀಕ್ಷಕರ ತರಬೇತಿಯಿಂದ ಹಿಡಿದು ದತ್ತಾಂಶದ ವಿಶ್ಲೇಷಣೆ, ದಾನಿಗೆ ಕಳಿಸುವ ವರದಿಯ ಕರಡಿನವರೆಗೆ ಒಂದು ಸುತ್ತು ಪೂರ್ತಿ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡುತ್ತಾರಾದರೆ ನಿಮ್ಮ ಜಾಗದಲ್ಲಿ ನಾನು ಆ ಸಂಸ್ಥೆಯನ್ನೇ ಆರಿಸುತ್ತೇನೆ, ಏಕೆಂದರೆ ಅಂಕಿ ಹುಟ್ಟುವುದೂ ಬಳಕೆಯಾಗುವುದೂ ಒಂದೇ ಬೇಸಿಗೆಯಲ್ಲಿ ಕಣ್ಣಿಗೆ ಬೀಳುವುದು ಸಣ್ಣ ಕಡೆಗಳಲ್ಲೇ. ಬಿಡದಿದ್ದರೆ, ಅನುದಾನ ಸಿಕ್ಕಿ ಕೆಲಸದ ವಿವರಣೆಯೂ ಸ್ಪಷ್ಟವಿದ್ದರೆ, ಯುರೋಪಿನ ಕಚೇರಿಗೆ ಹೋಗಿ.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಸಿಹಿಯಾದ ಉತ್ತರ ನನ್ನಲ್ಲಿಲ್ಲ. 1961ರಲ್ಲಿ ಹುಟ್ಟಿದ, ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್ಏಡ್ ಬಡ ದೇಶಗಳ ಪ್ರಾಥಮಿಕ ಓದಿನ ಕಾರ್ಯಕ್ರಮಗಳ ದೊಡ್ಡ ಪೋಷಕನಾಗಿತ್ತು. 2025ರ ಜನವರಿ 20ರ ಆದೇಶದಿಂದ ಅಮೆರಿಕದ ವಿದೇಶಿ ನೆರವು ತಡೆಹಿಡಿಯಲ್ಪಟ್ಟಿತು, ಆ ವರ್ಷದ ಜುಲೈ 1ಕ್ಕೆ ಸಂಸ್ಥೆಯ ಉಳಿದ ಕೆಲಸ ವಿದೇಶಾಂಗ ಇಲಾಖೆಗೆ ಸೇರಿ ಅದರ ಬಾಗಿಲು ಮುಚ್ಚಿತು. ಬ್ರಿಟನ್ ಕೂಡ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಘೋಷಿಸಿತು. ಇದರ ನೇರ ಪರಿಣಾಮವೆಂದರೆ ಈ ನೆರವಿನ ಹಣದಿಂದ ಯೋಜನೆ ನಡೆಸುತ್ತಿದ್ದ ಗುತ್ತಿಗೆ ಸಂಸ್ಥೆಗಳಿಂದ ಹೊರಬಿದ್ದ ಅನುಭವಿಗಳು ಹೊಸ ಪದವೀಧರರು ಅರ್ಜಿ ಹಾಕುವ ಹುದ್ದೆಗಳಿಗೇ ಅರ್ಜಿ ಹಾಕುತ್ತಿದ್ದಾರೆ. ವಾಷಿಂಗ್ಟನ್‌ನ ಯೋಜನಾ ಕಚೇರಿಯಲ್ಲಿ ಕೆಳಹಂತದಿಂದ ಆರಂಭಿಸಿ ಮೇಲೇರುವ ಹಳೆಯ ದಾರಿಯನ್ನು ನಂಬಿ ಕೂರಬೇಡಿ.

ಆದರೆ ಕೆಲಸವೇ ಮುಗಿದಿಲ್ಲ. ಹತ್ತು ವರ್ಷದ ಮಗು ಸರಳವಾದೊಂದು ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳಲಾಗದ ಸ್ಥಿತಿಯನ್ನು ವಿಶ್ವಬ್ಯಾಂಕ್ 2019ರಿಂದ ಕಲಿಕೆಯ ಬಡತನವೆಂದು ಕರೆಯುತ್ತಿದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಕೊರೋನಾಕ್ಕೆ ಮೊದಲು ಅರ್ಧಕ್ಕಿಂತ ಹೆಚ್ಚಿದ್ದ ಈ ಪ್ರಮಾಣ 2022ರ ಅಂದಾಜಿನಲ್ಲಿ ಶೇ 70ಕ್ಕೆ ಮುಟ್ಟಿತು. ಶಾಲೆಯ ಹೊರಗಿರುವ ಮಕ್ಕಳು, ಯುವಜನರ ಸಂಖ್ಯೆಯನ್ನು ಯುನೆಸ್ಕೊದ 2024ರ ವರದಿ 25.1 ಕೋಟಿ ಎಂದಿದೆ. ಈ ಮಕ್ಕಳ ಶಿಕ್ಷಣಕ್ಕೆ ಖರ್ಚಾಗುವ ಹಣದ ಬಹುಪಾಲು ಬರುವುದು ಅವರದೇ ಸರ್ಕಾರಗಳಿಂದ ಮತ್ತು ಅವರದೇ ಮನೆಗಳಿಂದ. ಹೊರಗಿನ ನೆರವು ಅತಿ ಬಡ ದೇಶಗಳಲ್ಲಿ ದೊಡ್ಡದು, ಉಳಿದೆಡೆ ಸಣ್ಣ ಭಾಗ. ಆದ್ದರಿಂದ ಮುಂದಿನ ವರ್ಷಗಳ ಕೆಲಸ ರಾಷ್ಟ್ರೀಯ ಯೋಜನಾ ಇಲಾಖೆಗಳು, ಅಭಿವೃದ್ಧಿ ಬ್ಯಾಂಕುಗಳು, ಆಯಾ ದೇಶಗಳ ದೊಡ್ಡ ಸಂಸ್ಥೆಗಳು ಮತ್ತು ಮೌಲ್ಯಮಾಪನ ಗುಂಪುಗಳ ಕಡೆಗೆ ಸರಿಯುತ್ತದೆಂಬುದು ನನ್ನ ಅಂದಾಜು. ಸಮೀಕ್ಷೆ ರೂಪಿಸುವುದು, ವೆಚ್ಚದ ಲೆಕ್ಕ ಹಾಕುವುದು, ದತ್ತಾಂಶ ಪರಿಶೀಲಿಸುವುದು ಬಲ್ಲವರಿಗೆ ಇವೆಲ್ಲ ಕಡೆ ಜಾಗವಿದೆ. ಆರೋಗ್ಯ, ಕೌಶಲ ತರಬೇತಿಯಂಥ ಪಕ್ಕದ ಕ್ಷೇತ್ರಗಳಲ್ಲೂ ಇದೆ. 2003ರಲ್ಲಿ ಎಂಐಟಿಯಲ್ಲಿ ಆರಂಭವಾದ ಜೆ-ಪಾಲ್‌ನಂಥ ಸಂಶೋಧನಾ ಕೇಂದ್ರಗಳು ಕ್ಷೇತ್ರದ ಸಂಶೋಧನಾ ಸಹಾಯಕರನ್ನು ತೆಗೆದುಕೊಳ್ಳುವಾಗ ನೋಡುವುದೂ ಇದೇ ಕೌಶಲಗಳನ್ನು.

ಕೊನೆಯದಾಗಿ ಕಾಗದಪತ್ರಗಳು. ಇವನ್ನು ಕಡೆಗೆ ಬಿಟ್ಟು ಇಡೀ ಬೇಸಿಗೆ ಕಳೆದುಕೊಂಡವರಿದ್ದಾರೆ. ನಿಮ್ಮದು ಎಫ್-1 ಎಂಬ ವಿದ್ಯಾರ್ಥಿ ವೀಸಾ ಆಗಿದ್ದು, ಈ ಎರಡೂ ಬಿಟ್ಟು ಅಮೆರಿಕದ ಒಳಗೇ ಇಂಟರ್ನ್‌ಶಿಪ್ ಸಿಕ್ಕರೆ, ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಕೆಲಸ ಶುರುವಾಗುವ ಮೊದಲೇ ಕೈಯಲ್ಲಿರಬೇಕು. ಪೂರ್ಣಾವಧಿಯ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಪದವಿಯ ನಂತರ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅವಕಾಶ ಕೈತಪ್ಪುತ್ತದೆ, ಒಂದು ಬೇಸಿಗೆಯಿಂದ ಆ ಅಪಾಯವಿಲ್ಲ. ಹೊರದೇಶಕ್ಕೆ ಹೋಗುವುದಾದರೆ ಮರಳಿ ಬರುವಾಗ ಬೇಕಾಗುವ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೇಲಿನ ಪ್ರಯಾಣದ ಸಹಿ ಮತ್ತು ವೀಸಾದ ಅವಧಿಯನ್ನು ಈಗಲೇ ನೋಡಿಕೊಳ್ಳಿ, ಹೋಗುವ ದೇಶದಲ್ಲಿ ಇಂಟರ್ನ್‌ಗೆ ಯಾವ ಅನುಮತಿ ಬೇಕೆಂದು ಸಂಸ್ಥೆಯಿಂದ ಲಿಖಿತವಾಗಿ ಕೇಳಿ. ‘ಪ್ರವಾಸಿ ವೀಸಾದಲ್ಲಿ ಬನ್ನಿ, ಏನೂ ಆಗುವುದಿಲ್ಲ’ ಎಂದವರ ಮಾತಿಗೆ ಮರುಳಾಗಬೇಡಿ. ಮಕ್ಕಳ ಜೊತೆ ಕೆಲಸವಾದ್ದರಿಂದ ಹಿನ್ನೆಲೆ ಪರಿಶೀಲನೆ, ಮಕ್ಕಳ ರಕ್ಷಣೆಯ ನೀತಿಸಂಹಿತೆಗೆ ಸಹಿ ಇರಲೇಬೇಕು, ಕೇಳದಿದ್ದರೆ ಆ ಸಂಸ್ಥೆಯ ಬಗ್ಗೆಯೇ ಅನುಮಾನಪಡಿ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ತೆಗೆಯಬೇಡಿ. ಅಲ್ಲಿ ಸಿಗುವ ದತ್ತಾಂಶವನ್ನು ಪ್ರಬಂಧಕ್ಕೆ ಬಳಸುವ ಯೋಚನೆ ಇದ್ದರೆ ಸಂಸ್ಥೆಯ ಲಿಖಿತ ಅನುಮತಿಯೂ ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಮಂಡಳಿಯ ಒಪ್ಪಿಗೆಯೂ ಹೊರಡುವ ಮೊದಲೇ ಆಗಬೇಕು. ಆ ಮಂಡಳಿಗಳ ಒಪ್ಪಿಗೆಗೆ ವಾರಗಟ್ಟಲೆ ಹಿಡಿಯುತ್ತದೆ, ಮಕ್ಕಳು ಒಳಗೊಂಡ ಅಧ್ಯಯನವಾದರೆ ಇನ್ನೂ ಹೆಚ್ಚು. ಎರಡನೆಯ ಸೆಮಿಸ್ಟರ್‌ನ ಮೊದಲ ತಿಂಗಳಲ್ಲೇ ಮಾರ್ಗದರ್ಶಕರ ಜೊತೆ ಕೂತು ಅರ್ಜಿ ಸಿದ್ಧಪಡಿಸಿಕೊಳ್ಳಿ.